ಈ ಗೋಡೆ ಯಾರಪ್ಪಂದು?

ಕಳೆದ ತಿಂಗಳು ನಮ್ಮ ಆಫೀಸಿನ ಕೆಫೆಟೇರಿಯಾದಲ್ಲಿ ಒಂದು ಹೊಸ ಗೋಡೆ ಎದ್ದಿತು. ಗೋಡೆ ಅಂದ್ರೆ ಗೋಡೆಯೇನಲ್ಲ, ಜಿಪ್ಸಮ್ ಬೋರ್ಡು. ಅದರ ಮೇಲೆ ಮೊದಲು ಇಟ್ಟಿಗೆ ಬಿಡಿಸಿದರು. ಅಲ್ಲಲ್ಲಿ ಗಿಲಾವು ಉದುರಿಬಿದ್ದಂಗೆ ಬಿಡಿಸಿದರು. ಆಮೇಲೆ ಇಬ್ಬರು ಕಲಾವಿದರು ಬಂದು, ಮುಖಕ್ಕೆ ಮಾಸ್ಕ್ ಹಾಕ್ಕೊಂಡು, ಸ್ಪ್ರೇ ಕ್ಯಾನ್ ಹಿಡಿದು ಎರಡು ರಾತ್ರಿ ಕೆಲಸ ಮಾಡಿದರು. ದಪ್ಪ ದಪ್ಪ ಅಕ್ಷರ, ಹೆಡ್‌ಫೋನ್ ಹಾಕ್ಕೊಂಡ ಹುಲಿ, ಕೆಳಗೆ ಸೋರಿ ಇಳಿದಂಗೆ ಕಾಣೋ ಗುಲಾಬಿ ಬಣ್ಣ. ಮಾರನೇ ದಿನ ಫೆಸಿಲಿಟೀಸ್ ಟೀಮಿಂದ ಎಲ್ಲರಿಗೂ ಮೇಲ್ ಬಂತು. ನಮ್ಮ ಹೊಸ ಗ್ರಾಫಿಟಿ ವಾಲ್ ನೋಡಿ, ಸೆಲ್ಫಿ ತೆಗೆದು ಹಂಚಿಕೊಳ್ಳಿ, ದಯವಿಟ್ಟು ಗೋಡೆಯನ್ನು ಮುಟ್ಟಬೇಡಿ, ಅದರ ಮೇಲೆ ಏನೂ ಬರೆಯಬೇಡಿ.

ಗ್ರಾಫಿಟಿ ಗೋಡೆ, ಆದ್ರೆ ಅದರ ಮೇಲೆ ಬರೆಯಬಾರದು! ನಾನೂ ನಕ್ಕೆ, ನಾನೂ ಸೆಲ್ಫಿ ತೆಗೆಸಿಕೊಂಡೆ. ಸುಳ್ಳು ಯಾಕೆ ಹೇಳಲಿ.

ಅದೇ ವಾರ ಒಂದು ರಾತ್ರಿ ಅಕ್ಕನ ಫೋನು. ನನ್ನೂರು ಸೇಡಂ ಮತ್ತು ಚಿತ್ತಾಪುರದ ನಡುವಿನ ಒಂದು ಹಳ್ಳಿ. ಅಕ್ಕನ್ನ ಕೊಟ್ಟಿದ್ದು ಶಹಾಬಾದ್ ಕಡೆಗೆ. ಭಾವ ಫರ್ಸಿ ಗಣಿಯಲ್ಲಿ ಕಲ್ಲು ತೆಗೀತಾರೆ. ನಿಮ್ಮ ಅಜ್ಜಿ ಮನೆಯ ನೆಲಕ್ಕೆ ಹಾಸಿತ್ತಲ್ಲ, ತಣ್ಣಗಿನ ಬೂದು ಕಲ್ಲು, ಅದೇ ಶಹಾಬಾದ್ ಕಲ್ಲು. ಅವರ ಮಗ ಪಿಯುಸಿ ಮೊದಲನೇ ವರ್ಷ, ಸೈನ್ಸ್.

“ನಿನ್ ಅಳಿಯಾ ಏನ್ ಮಾಡ್ಯಾನ ಗೊತ್ತದ ಏನ್? ಬಸ್‌ಸ್ಟ್ಯಾಂಡ್ ಗೋಡಿ ಮ್ಯಾಲ ಅವರಪ್ಪನ ಚಿತ್ರ ತೆಗ್ದಾನ. ಮಂದಿ ಮನಿತನಾ ಬಂದು ಬಾಯಿಗಿ ಬಂದಂಗ ಅಂದು ಹೋಗ್ಯಾರ.”

ಆಮೇಲೆ ಹುಡುಗನೇ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ. ರಸ್ತೆ ಬದಿಯ ಸಣ್ಣ ಬಸ್ ತಂಗುದಾಣ. ಅದರ ಹಿಂದಿನ ಗೋಡೆ ತುಂಬ ಒಂದೇ ಮುಖ. ಮೂಗು-ಬಾಯಿ ಮುಚ್ಚಿ ಕಟ್ಟಿದ ದಸ್ತಿ, ಹುಬ್ಬಿನ ಮೇಲೆ, ರೆಪ್ಪೆ ಮೇಲೆ ಕಲ್ಲಿನ ಬಿಳಿ ಧೂಳು, ನಡುವೆ ಎರಡು ಕೆಂಪು ಕಣ್ಣು. ಅಷ್ಟೇ. ಒಂದಕ್ಷರ ಬರೆದಿರಲಿಲ್ಲ. ಗೇರು, ಸುಣ್ಣ, ಯಾರದೋ ಮನೆಗೆ ಬಳಿದು ಉಳಿದ ಆಯಿಲ್ ಪೇಂಟು, ಇದರಲ್ಲೇ ಮಾಡಿದ್ದ. ನಮ್ಮ ಭಾವನೇ. ದಸ್ತಿ ಕಟ್ಟಿದ್ರೂ ಗುರುತು ಸಿಗ್ತಿತ್ತು.

ಎರಡು ದಿನಕ್ಕೆ ಆ ರಸ್ತೆಯಲ್ಲಿ ಯಾರೋ ದೊಡ್ಡ ಸಾಹೇಬರು ಹಾದುಹೋಗೋರಿದ್ದರಂತೆ. ಸಂಬಂಧಪಟ್ಟ ಕಚೇರಿಯವರು ಬಂದರು. ಸರ್ಕಾರಿ ಆಸ್ತಿ ಕೆಡಿಸಿದ್ದೀಯ, ಪೊಲೀಸ್ ಕೇಸ್ ಆಗ್ತದೆ ಅಂತ ಹೆದರಿಸಿದರು. ತಪ್ಪಾಯ್ತು ಅಂತ ಹಾಳೆಯ ಮೇಲೆ ಬರೆಸಿಕೊಂಡರು. ನಾಲ್ಕು ಜನರೆದುರು ಅವನ ಕೈಯಿಂದಲೇ ಸುಣ್ಣ ಬಳಿಸಿದರು. ಮಗ ಅಪ್ಪನ ಮುಖದ ಮೇಲೆ ಸುಣ್ಣ ಬಳಿದ.

ನಾನು ಏನಂದೆ ಗೊತ್ತಾ? “ಮೊದ್ಲು ಸಾರಿ ಕೇಳು ಅನ್ನು. ಸಿಇಟಿ ಓದೋದು ಬಿಟ್ಟು ಇವೆಲ್ಲಾ ಯಾಕ ಬೇಕು ಅವನಿಗಿ?” ಅಂದೆ. ಅಂದು ಫೋನಿಟ್ಟೆ. ಮಾರನೇ ದಿನ ಕಾಫಿ ಹಿಡಿದು ಆ ಹೆಡ್‌ಫೋನ್ ಹುಲಿಯ ಮುಂದೆ ನಿಂತಾಗ ಫೋನಿನಲ್ಲಿದ್ದ ಫೋಟೋ ಮತ್ತೆ ತೆಗೆದು ನೋಡಿದೆ. ಕಾಫಿ ಗಂಟಲಲ್ಲಿ ಇಳೀಲಿಲ್ಲ.

ಕಥೆ ಇಲ್ಲಿಗೇ ಮುಗೀಲಿಲ್ಲ. ಹದಿನೈದು ದಿನಕ್ಕೆ ಅದೇ ಗೋಡೆಯ ಮೇಲೆ, ಅವನು ಬಳಿದ ಅದೇ ಸುಣ್ಣದ ಮೇಲೆ, ಒಂದು ಸಿಮೆಂಟ್ ಜಾಹೀರಾತು ಬಂತು. ಈ ತುದಿಯಿಂದ ಆ ತುದಿವರೆಗೆ. ಯಾರೂ ಯಾರ ಮನೆಗೂ ಹೋಗಿ ಬೈಯಲಿಲ್ಲ. ಯಾರಿಂದಲೂ ತಪ್ಪಾಯ್ತು ಅಂತ ಬರೆಸಿಕೊಳ್ಳಲಿಲ್ಲ.

ಇದನ್ನ ಟೀಮಿನ ಗೆಳೆಯರ ಮುಂದೆ ಹೇಳಿದೆ. ಒಬ್ಬ ಒಳ್ಳೇ ಹುಡುಗ, ಓದಿಕೊಂಡವನು, ವೀಕೆಂಡ್ ಬಂದ್ರೆ ಆರ್ಟ್ ಗ್ಯಾಲರಿಗೆ ಹೋಗೋನು, ಹೇಳಿದ: “ಬೇಜಾರು ಮಾಡ್ಕೋಬೇಡ ಮಗಾ, ಆದ್ರೆ ಅದು ವ್ಯಾಂಡಲಿಸಂ. ಇದು ಆರ್ಟ್. ಡಿಫರೆನ್ಸ್ ಇದೆ.” ಏನಪ್ಪಾ ಡಿಫರೆನ್ಸು ಅಂದೆ. “ಪರ್ಮಿಷನ್” ಅಂದ.

ಈ ಲೇಖನ ಬರೀತಿರೋದೇ ಆ ಒಂದು ಪದಕ್ಕೆ.

ನಾವು ಸಾಫ್ಟ್‌ವೇರಿನವರು, ನಮ್ಮ ಭಾಷೆಯಲ್ಲೇ ಹೇಳ್ತೀನಿ. ಒಬ್ಬ ಹೊಸ ಹುಡುಗ ಯಾರನ್ನೂ ಕೇಳದೆ ಪ್ರೊಡಕ್ಷನ್ ಸರ್ವರಿಗೆ ಕೋಡ್ ಹಾಕಿಬಿಟ್ಟ ಅನ್ನಿ. ಕರೆದು ಬೈಯಬಹುದು, ಆ್ಯಕ್ಸೆಸ್ ಕಿತ್ತುಕೊಳ್ಳಬಹುದು. ಆದ್ರೆ ಕೋಡ್ ಚೆನ್ನಾಗಿದೆಯಾ ಇಲ್ಲವಾ ಅನ್ನೋದು ಬೇರೆ ಪ್ರಶ್ನೆ. ಅದಕ್ಕೆ ಕೋಡನ್ನೇ ತೆರೆದು ಓದಬೇಕು. ಅನುಮತಿ ಇರಲಿಲ್ಲ, ಆದ್ದರಿಂದ ಅದು ಕೋಡೇ ಅಲ್ಲ ಅಂತ ಯಾವ ಮ್ಯಾನೇಜರೂ ಅನ್ನಲ್ಲ. ಗೋಡೆ ವಿಷಯ ಬಂದಾಗ ಮಾತ್ರ ನಾವು ಸಲೀಸಾಗಿ ಹಾಗಂತೀವಿ. ಅನುಮತಿ ಇತ್ತಾ ಅನ್ನೋದು ಆಡಳಿತದ ಪ್ರಶ್ನೆ. ಕಲೆಯಾ ಅನ್ನೋದು ಕಣ್ಣಿನ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಹೇಳಿ ಎರಡನೆಯದರಿಂದ ಜಾರಿಕೊಳ್ಳೋದು ಮೋಸ.

ಸರಿ, ಅನುಮತಿಯನ್ನೇ ನೋಡೋಣ. ನೀವು ವಾಡಿ ಜಂಕ್ಷನ್ನಿನಲ್ಲಿ ಇಳಿದು ರಸ್ತೆ ಹಿಡಿದು ಚಿತ್ತಾಪುರ, ಸೇಡಂ, ಅಲ್ಲಿಂದ ಚಿಂಚೋಳಿವರೆಗೆ ಹೋಗಿ. ಕಿಟಕಿ ಪಕ್ಕ ಕೂತು ಗೋಡೆಗಳನ್ನ ಎಣಿಸಿ. ಸಿಮೆಂಟು, ಕಬ್ಬಿಣದ ಕಂಬಿ, ತೊಗರಿಗೆ ಹೊಡೆಯೋ ಔಷಧಿ, ಬೀಜ, ಮೊಬೈಲ್ ಸಿಮ್ಮು, ಕೋಚಿಂಗ್ ಕ್ಲಾಸು, ಮೂಲವ್ಯಾಧಿ ಗುಣ ಮಾಡೋ ಡಾಕ್ಟರು, ಎಲೆಕ್ಷನ್ ಬಂದ್ರೆ ಪಾರ್ಟಿಗಳ ಚಿಹ್ನೆ. ನಮ್ಮ ಮುತ್ತ್ಯಾಂದು ಕಲ್ಲು-ಮಣ್ಣಿನ ಮನೆ. ಸಿಮೆಂಟಿನ ಒಂದು ಹಿಡಿ ಆ ಮನೆಗೆ ತಾಗಿರಲಿಲ್ಲ. ಆದ್ರೆ ಅದರ ಹೊರಗೋಡೆಯ ಮೇಲೆ ವರ್ಷಾನುಗಟ್ಟಲೆ ಸಿಮೆಂಟ್ ಜಾಹೀರಾತಿತ್ತು. ಮುತ್ತ್ಯಾ ಹೊಲಕ್ಕೆ ಹೋದಾಗ ಬಂದು ಬರೆದು ಹೋಗಿದ್ದರು. ಸಂಜೆ ಬಂದು ನೋಡಿ, “ಬರೀಲಿ ಬಿಡ್ರೋ, ಮಳಿಗಿ ಗೋಡಿ ಜರಾ ತಡೀತದ” ಅಂದಿದ್ದ. ಅವನನ್ನ ಯಾರು ಪರ್ಮಿಷನ್ ಕೇಳಿದ್ದರು?

ಕಾನೂನೂ ಇದೆ ನೋಡಿ. ತೆರೆದ ಸ್ಥಳಗಳು ವಿರೂಪವಾಗೋದನ್ನ ತಡೆಯೋಕೆ ಅಂತ ಕರ್ನಾಟಕದಲ್ಲಿ 1981ರಲ್ಲೇ ಕಾಯ್ದೆಯಾಗಿದೆ. ಅದು ಮುಖ್ಯವಾಗಿ ಹೇಳೋದು ಅನುಮತಿಯಿಲ್ಲದ ಜಾಹೀರಾತಿನ ಬಗ್ಗೆ. ಅದನ್ನ ನೆಟ್ಟಗೆ ಹಿಡಿದು ಹೊರಟ್ರೆ ನಮ್ಮ ಐದೂರಿನಲ್ಲಿ ಎಷ್ಟು ಗೋಡೆಗೆ ಸುಣ್ಣ ಬಳಿಸಬೇಕಾಗ್ತದೆ, ಯಾರ ಯಾರ ಕೈಯಿಂದ ಬಳಿಸಬೇಕಾಗ್ತದೆ, ಲೆಕ್ಕ ಹಾಕಿ. ಆದ್ರೆ ಕೈಗೆ ಸಿಗೋನು ಹದಿನಾರು ವರ್ಷದ ಹುಡುಗ. ಅವನಿಗೆ ಲೆಟರ್‌ಹೆಡ್ ಇಲ್ಲ, ಬ್ರ್ಯಾಂಡ್ ಮ್ಯಾನೇಜರ್ ಇಲ್ಲ.

ಅಂದ್ರೆ ನಮಗೆ ಗೋಡೆ ಕೆಡೋದು ತೊಂದರೆ ಅಲ್ಲ. ಕೆಡಿಸಿದವನು ಯಾರು ಅನ್ನೋದು ತೊಂದರೆ. ಏನನ್ನಾದ್ರೂ ಮಾರೋಕೆ ಬರೆದರೆ ವ್ಯಾಪಾರ, ಓಟು ಕೇಳೋಕೆ ಬರೆದರೆ ಪ್ರಜಾಪ್ರಭುತ್ವ, ಸುಮ್ಮನೆ ನೋಡ್ರಪ್ಪಾ ಅಂತ ಬರೆದರೆ ಅಪರಾಧ.

ನಮ್ಮ ನೆಲದಲ್ಲಿ ಯಾವತ್ತೂ ಹೀಗಿತ್ತು ಅಂದುಕೊಳ್ಳಬೇಡಿ. ಚಿತ್ತಾಪುರದ ಕಡೆಯಿಂದ ಭೀಮಾ ನದಿ ದಂಡೆಗೆ ಹೋದ್ರೆ ಸನ್ನತಿ, ಅದರ ಪಕ್ಕ ಕನಗನಹಳ್ಳಿ. 1986ರಲ್ಲಿ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಹಳೇ ಕಾಳಿ ಗುಡಿಯ ಚಾವಣಿ ಕುಸಿದಾಗ ಅಶೋಕನ ಶಾಸನ ಕೊರೆದ ಕಲ್ಲು ಸಿಕ್ಕಿತು. ಮೂರ್ತಿಯ ಪೀಠಕ್ಕೆ ಅದನ್ನ ಬಳಸಿದ್ದರು. 1990ರ ದಶಕದಲ್ಲಿ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ಇಡೀ ಬೌದ್ಧ ಸ್ತೂಪವೇ ಸಿಕ್ಕಿತು. ಅಲ್ಲಿನ ಒಂದು ಕಲ್ಲಿನಲ್ಲಿ ರಾಜ, ರಾಣಿ, ಪರಿವಾರ ನಿಂತಿದ್ದಾರೆ. ಮೇಲೆ ಬ್ರಾಹ್ಮಿ ಅಕ್ಷರದಲ್ಲಿ ‘ರಾಯೋ ಅಸೋಕೋ’ ಅಂತಿದೆ. ಅಶೋಕನ ಹೆಸರು ಬರೆದಿರೋ ಅವನದೇ ಚಿತ್ರ. ಶಾಲೆ ಪುಸ್ತಕದಲ್ಲಿ ಓದಿದ ಅಶೋಕನ ಮುಖ ನಮ್ಮ ಜಿಲ್ಲೆಯ ಸುಣ್ಣದ ಕಲ್ಲಿನಲ್ಲಿದೆ.

ಆ ಚಿತ್ರಗಳು ಇದ್ದಿದ್ದು ಎಲ್ಲಿ? ಬೀಗ ಹಾಕಿದ ಅರಮನೆಯ ಒಳಕೋಣೆಯಲ್ಲಲ್ಲ. ಜನ ಸ್ತೂಪದ ಸುತ್ತ ಪ್ರದಕ್ಷಿಣೆ ಬರೋವಾಗ ಕಣ್ಣಿಗೆ ಬೀಳೋ ಜಾಗದಲ್ಲಿ. ಓದು ಬರದ ರೈತನೂ, ದಾರಿಹೋಕ ವ್ಯಾಪಾರಿಯೂ ನಡೀತಾ ನಡೀತಾ ನೋಡಲಿ ಅಂತ. ಕಲ್ಲು ಕೊಡಿಸಿದವರ ಹೆಸರನ್ನೂ ಕಲ್ಲಿನ ಮೇಲೇ ಕೊರೆದಿದ್ದಾರೆ. ಹೌದು, ಅದಕ್ಕೆ ಅನುಮತಿ ಇತ್ತು, ದಾನ ಕೊಟ್ಟವರಿದ್ದರು. ನಾನು ಹೇಳೋದು ಬೇರೆ. ನಡೆಯೋ ದಾರಿಯಲ್ಲಿ, ಎಲ್ಲರ ಕಣ್ಣಿಗೆ, ಟಿಕೆಟ್ ಇಲ್ಲದೆ ಚಿತ್ರ ಇರಬೇಕು ಅನ್ನೋದು ನ್ಯೂಯಾರ್ಕಿಂದ ನಿನ್ನೆ ಬಂದ ಫ್ಯಾಷನ್ ಅಲ್ಲ. ಎರಡು ಸಾವಿರ ವರ್ಷದ ಹಿಂದೆ ಭೀಮಾ ದಂಡೆಯವರಿಗೆ ಗೊತ್ತಿದ್ದ ವಿಷಯ.

ಬರೀ ಹೆಸರು ಬರೆಯೋದು, ಅದೇ ಈಗಿನ ಹುಡುಗರು ‘ಟ್ಯಾಗ್’ ಅಂತಾರಲ್ಲ, ಅದಕ್ಕೂ ನಮ್ಮಲ್ಲಿ ದೊಡ್ಡ ಸಾಕ್ಷಿ ಇದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಕವಿರತ್ನ’ ಅಂತ ಕೊರೆದಿದೆ. ಹತ್ತನೇ ಶತಮಾನದ ನಮ್ಮ ಮಹಾಕವಿ ರನ್ನನದೇ ಆ ಕೈಬರಹ ಅಂತ ವಿದ್ವಾಂಸರು ಗುರುತಿಸಿದ್ದಾರೆ. ಆ ಬೆಟ್ಟದ ತುಂಬ ಬಂದು ಹೋದ ಯಾತ್ರಿಕರ ಹೆಸರುಗಳಿವೆ. ರನ್ನ ಅಲ್ಲಿಗೆ ಹೋದ, ನಾನು ಇಲ್ಲಿದ್ದೆ ಅಂತ ಬಂಡೆಗೆ ಹೇಳಿ ಬಂದ. ಇವತ್ತು ಅದಕ್ಕೆ ನಾವು ಕೈಮುಗಿತೀವಿ.

ಇನ್ನು ಸೇಡಂ ತಾಲ್ಲೂಕಿನ ಮಳಖೇಡ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಒಂಬತ್ತನೇ ಶತಮಾನದಲ್ಲಿ ಅಲ್ಲಿನ ಅರಮನೆಯ ನೆರಳಲ್ಲಿ ಹುಟ್ಟಿದ ಕವಿರಾಜಮಾರ್ಗ, ಶಾಲೆಯ ಪಾಠ ಆಗದ ಕನ್ನಡದ ಸಾಮಾನ್ಯ ಜನರಿಗೂ ಕಾವ್ಯ ಕಟ್ಟೋ ಬುದ್ಧಿ ಇದೆ ಅಂತ ಒಪ್ಪಿಕೊಂಡಿತ್ತು. ನಾವು ಭಾಷಣದಲ್ಲಿ ಅದನ್ನ ಹೆಮ್ಮೆಯಿಂದ ಹೇಳ್ತೀವಿ. ಅದೇ ಮಳಖೇಡದಿಂದ ಒಂದು ಬಸ್ಸಿನ ದೂರದಲ್ಲಿ, ಚಿತ್ರಕಲೆಯ ಒಂದು ಕ್ಲಾಸೂ ನೋಡದ ಹುಡುಗ ಅಪ್ಪನ ಮುಖ ಅಷ್ಟು ಬರೋಬ್ಬರಿ ತೆಗೆದಾಗ, ಹಾಳೆ ಕೊಟ್ಟು ತಪ್ಪಾಯ್ತು ಅಂತ ಬರೆಸಿಕೊಳ್ತೀವಿ.

ಬೀದಿಗಾಗಿ ಬರೆದದ್ದು ಕಲೆಯಲ್ಲ ಅನ್ನೋರಿಗೆ ಕಲಬುರಗಿಯಲ್ಲೇ ಉತ್ತರ ಇದೆ. ಎಸ್.ಎಂ. ಪಂಡಿತ್. 1916ರಲ್ಲಿ ಅಲ್ಲಿ ಹುಟ್ಟಿ ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಚಿತ್ರ ಮಾಡಿದವರು. ಕಿರಾಣಿ ಅಂಗಡಿಯ ಗೋಡೆಯಲ್ಲಿ ತೂಗುತ್ತಿದ್ದ ದೇವರ ಚಿತ್ರಗಳು ಅವರಂಥವರ ಕೈಯಿಂದ ಬಂದವು. ಕ್ಯಾಲೆಂಡರ್ ಕಲೆ ಅನ್ನೋದು ವಿಮರ್ಶಕರ ಬಾಯಲ್ಲಿ ಬೈಗುಳವೇ ಆಗಿತ್ತು. ಈಗ ಕಲಬುರಗಿಯ ದೊಡ್ಡ ರಂಗಮಂದಿರಕ್ಕೆ ಅವರದೇ ಹೆಸರು. ಎಂ.ಎಫ್. ಹುಸೇನ್ ಮುಂಬೈ ಬೀದಿಯಲ್ಲಿ ಸಿನಿಮಾ ಹೋರ್ಡಿಂಗ್ ಬರೆದೇ ಹೊಟ್ಟೆ ಹೊರೆದಿದ್ದು. ಬೀದಿಯಲ್ಲಿದ್ದಾಗ ಪೇಂಟರ್, ಒಳಗೆ ಬಂದ ಮೇಲೆ ಕಲಾವಿದ. ಕೈ ಮಾತ್ರ ಅದೇ.

ಬೆಂಗಳೂರಿಗೆ ಬರೋಣ, ನೀವು ನೋಡಿರೋ ಊರು. 2009ರ ಸುಮಾರಿಗೆ ಬಿಬಿಎಂಪಿಯವರು ದೊಡ್ಡ ರಸ್ತೆಗಳ ಗೋಡೆಗಳಿಗೆಲ್ಲ ಚಿತ್ರ ಬರೆಸಿದರು. ಹಂಪಿಯ ಕಲ್ಲಿನ ರಥ, ಮೈಸೂರು ಅರಮನೆ, ಜಲಪಾತ, ಹುಲಿ. ಬರೆದವರು ಯಾರು? ಫ್ಲೆಕ್ಸ್ ಬಂದು ಕೆಲಸ ಕಳಕೊಂಡಿದ್ದ ಸಿನಿಮಾ ಬ್ಯಾನರ್ ಕಲಾವಿದರು. ಪೋಸ್ಟರ್ ಅಂಟಿಸೋದು, ಗೋಡೆಗೆ ಉಚ್ಚೆ ಹೊಯ್ಯೋದು ನಿಲ್ಲಲಿ ಅನ್ನೋದು ಪಾಲಿಕೆಯ ಲೆಕ್ಕಾಚಾರ. ಇರಲಿ, ಒಳ್ಳೇದೇ. ಆ ಪೇಂಟರುಗಳಿಗೆ ನಾಲ್ಕು ಕಾಸು ಸಿಕ್ಕಿತು. ಆದ್ರೆ ಏನು ಬರೀಬೇಕು ಅಂತ ಮೇಲಿಂದ ಬಂತು. ಅವರ ಮನೆ, ಅವರ ಬೀದಿ, ಅವರು ಕಳಕೊಂಡ ಕೆಲಸ, ಯಾವುದೂ ಆ ಗೋಡೆಗೆ ಬರಲಿಲ್ಲ. ಬಣ್ಣ ಅವರದು, ಮಾತು ಪಾಲಿಕೆಯದು.

ಅದಕ್ಕೆ ಹೋಲಿಸಿ ನೋಡಿ, 2015ರ ಜೂನಿನಲ್ಲಿ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಯಲ್ಲಿ ಮೈಸೂರಿನ ಬಾದಲ್ ನಂಜುಂಡಸ್ವಾಮಿ ಒಂದು ಮೊಸಳೆ ಮಲಗಿಸಿದರು. ಗುಂಡಿಯ ನೀರನ್ನ ಕೆರೆ ಮಾಡಿ, ನಡುವೆ ನಿಜವಾದಂಥದ್ದೇ ಗಾತ್ರದ ಮೊಸಳೆ. ಜನ ಅರ್ಜಿ ಕೊಟ್ಟು ಸುಸ್ತಾಗಿದ್ದ ಗುಂಡಿ ಆಮೇಲೆ ಬೇಗ ಮುಚ್ಚಿತು. 2019ರಲ್ಲಿ ಅವರೇ ಒಬ್ಬ ನಟನಿಗೆ ಗಗನಯಾತ್ರಿಯ ವೇಷ ಹಾಕಿ ಬೆಂಗಳೂರಿನ ಹೊಂಡ ಬಿದ್ದ ರಸ್ತೆಯಲ್ಲಿ ರಾತ್ರಿ ನಡೆಸಿದರು. ನೋಡಿದವರು ಚಂದ್ರನ ಮೇಲಿದ್ದಾನೆ ಅಂದುಕೊಳ್ಳೋ ಹೊತ್ತಿಗೆ ಪಕ್ಕದಲ್ಲಿ ಆಟೋ ಹಾದುಹೋಯ್ತು. ಚಂದ್ರಯಾನ-2ರ ದಿನಗಳು ಅವು, ಇಡೀ ದೇಶ ಆ ವಿಡಿಯೋ ನೋಡಿತು. ಅದು ನಡೆದಿದ್ದು ರಸ್ತೆಯಲ್ಲಿ. ಗ್ಯಾಲರಿಯಲ್ಲಿ ಮೊಸಳೆ ಇಟ್ಟಿದ್ರೆ ಒಂದು ಗುಂಡಿಯಾದ್ರೂ ಮುಚ್ಚುತ್ತಿತ್ತಾ? ಜಾಗವೇ ಆ ಕಲೆಯ ಅರ್ಧ ಅರ್ಥ. ಹುಡುಗ ಭಾವನ ಮುಖವನ್ನ ಡ್ರಾಯಿಂಗ್ ಹಾಳೆ ಮೇಲೆ ತೆಗೆದಿದ್ರೆ “ಛಂದ ಅದ” ಅಂತಿದ್ವಿ, ಮಡಚಿ ಇಡ್ತಿದ್ವಿ. ಬಸ್ಸಿಗೆ ಕಾಯೋ ಗಣಿ ಕೆಲಸಗಾರರ ಎದುರಿಗೇ, ಸಾಹೇಬರ ಕಾರು ಹೋಗೋ ದಾರಿಗೇ ತೆಗೆದ. ಅದಕ್ಕೇ ಅದು ಚುಚ್ಚಿತು. ಚುಚ್ಚಿದ್ದಕ್ಕೇ ಅಳಿಸಿದರು.

ಜಗತ್ತು ಇದನ್ನ ಯಾವಾಗಲೋ ಒಪ್ಪಿಕೊಂಡಾಗಿದೆ ಅಂತ ಹೇಳೋಕೆ ಉದಾಹರಣೆಗೆ ಬರ ಇಲ್ಲ. ಜಾನ್ ಮಿಶೆಲ್ ಬಾಸ್ಕಿಯಾ 1970ರ ದಶಕದ ಕೊನೆಯಲ್ಲಿ ಗೆಳೆಯನ ಜೊತೆ ನ್ಯೂಯಾರ್ಕಿನ ಗೋಡೆಗಳ ಮೇಲೆ ‘ಸೇಮೋ’ ಅನ್ನೋ ಹೆಸರಲ್ಲಿ ಗೀಚುತ್ತಿದ್ದ. 2017ರಲ್ಲಿ ಅವನ ಒಂದು ಕ್ಯಾನ್ವಾಸ್ 11 ಕೋಟಿ ಡಾಲರಿಗೆ ಹರಾಜಾಯಿತು. 2018ರಲ್ಲಿ ಬ್ಯಾಂಕ್ಸಿಯ ಚಿತ್ರ ಲಂಡನ್ನಿನ ಹರಾಜಿನಲ್ಲಿ ಸುತ್ತಿಗೆ ಬಿದ್ದ ಕೂಡಲೇ ತನ್ನ ಚೌಕಟ್ಟಿನಲ್ಲೇ ಅರ್ಧ ಚೂರಾಯಿತು. ಆ ಚೂರಾದ ಚಿತ್ರವೇ 2021ರಲ್ಲಿ ಮತ್ತೂ ಹತ್ತಿಪ್ಪತ್ತು ಪಟ್ಟು ದುಡ್ಡಿಗೆ ಹೋಯಿತು. ಆದ್ರೆ ನನಗೆ ಈ ದುಡ್ಡಿನ ಕಥೆ ಹಿಡಿಸಲ್ಲ. ದುಡ್ಡು ಕೊಟ್ಟಿದ್ದಕ್ಕೆ ಅದು ಕಲೆಯಾಯ್ತು ಅಂದ್ರೆ, ನಮ್ಮ ಫೆಸಿಲಿಟೀಸ್ ಟೀಮಿನ ವಾದಕ್ಕೇ ಸಹಿ ಹಾಕಿದಂಗಾಯ್ತು.

ನನಗೆ ಮುಖ್ಯ ಅನ್ನಿಸೋದು ಬೇರೆ ಎರಡು ಘಟನೆ. ನ್ಯೂಯಾರ್ಕಿನಲ್ಲಿ 5ಪಾಯಿಂಟ್ಜ್ ಅನ್ನೋ ಹಳೇ ಕಾರ್ಖಾನೆ ಕಟ್ಟಡ ಇತ್ತು. ಮಾಲೀಕನ ಒಪ್ಪಿಗೆಯಿಂದಲೇ ವರ್ಷಾನುಗಟ್ಟಲೆ ಗ್ರಾಫಿಟಿ ಕಲಾವಿದರು ಅಲ್ಲಿ ಬರೀತಿದ್ದರು. 2013ರ ನವೆಂಬರಿನ ಒಂದು ರಾತ್ರಿ ಮಾಲೀಕ ಎಲ್ಲದಕ್ಕೂ ಬಿಳಿ ಬಣ್ಣ ಹೊಡೆಸಿಬಿಟ್ಟ. ಕಲಾವಿದರು ಕೋರ್ಟಿಗೆ ಹೋದರು. 2018ರಲ್ಲಿ 21 ಕಲಾವಿದರಿಗೆ 67 ಲಕ್ಷ ಡಾಲರಿಗೂ ಹೆಚ್ಚು ಪರಿಹಾರ ಕೊಡಬೇಕು ಅಂತ ತೀರ್ಪಾಯಿತು. ಮೇಲಿನ ಕೋರ್ಟೂ ಎತ್ತಿಹಿಡಿಯಿತು. ಕಟ್ಟಡ ನಿನ್ನದಿರಬಹುದು, ಕೆಲಸ ಅವರದು ಅಂತ. ನಮ್ಮ ದೇಶದಲ್ಲೂ, ಗ್ರಾಫಿಟಿ ಅಲ್ಲದಿದ್ದರೂ, ಅಂಥದ್ದೇ ಮಾತು ಬಂದಿದೆ. ದೆಹಲಿಯ ವಿಜ್ಞಾನ ಭವನದ ಗೋಡೆಗೆ ಅಮರನಾಥ ಸೆಹಗಲ್ ಮಾಡಿದ್ದ ದೊಡ್ಡ ಕಂಚಿನ ಭಿತ್ತಿಶಿಲ್ಪವನ್ನ 1979ರಲ್ಲಿ ಸರ್ಕಾರ ಕಿತ್ತು ಗೋದಾಮಿಗೆ ಹಾಕಿತು. ಅವರು ಕೋರ್ಟಿಗೆ ಅಲೆದರು. 2005ರಲ್ಲಿ ದೆಹಲಿ ಹೈಕೋರ್ಟು ಸರ್ಕಾರಕ್ಕೆ, ಶಿಲ್ಪದ ಉಳಿದ ಭಾಗ ವಾಪಸ್ ಕೊಡಿ, ಜೊತೆಗೆ 5 ಲಕ್ಷ ರೂಪಾಯಿ ಕೊಡಿ ಅಂದಿತು. ಗೋಡೆಯ ಮಾಲೀಕತ್ವ ಬೇರೆ, ಕಲೆಯ ಮರ್ಯಾದೆ ಬೇರೆ ಅಂತ ನಮ್ಮ ನ್ಯಾಯಾಲಯಗಳಿಗೆ ಗೊತ್ತು. ನಮ್ಮ ಕಚೇರಿಗಳಿಗೆ ಇನ್ನೂ ಗೊತ್ತಾಗಿಲ್ಲ.

ಈಗ ನೀವು ಕೇಳೋ ಪ್ರಶ್ನೆಗಳು ನನಗೂ ಗೊತ್ತು. ಹಾಗಾದ್ರೆ ಹಂಪಿ ಕಂಬದ ಮೇಲೆ ಹೃದಯ ಕೊರೆದು ಹೆಸರು ಬರೆಯೋನೂ ಕಲಾವಿದನಾ? ಅಲ್ಲ. ಅವನು ಬರೆದದ್ದು ಇನ್ನೊಬ್ಬನ ಕೆಲಸದ ಮೇಲೆ. ರನ್ನ ಬರೆದದ್ದು ಬರೀ ಬಂಡೆಯ ಮೇಲೆ, ಯಾವ ಶಿಲ್ಪಿಯ ಕೈಯನ್ನೂ ಅವನು ಕೆಡಿಸಲಿಲ್ಲ. ಕನಗನಹಳ್ಳಿ ಕಲ್ಲಿನ ಮೇಲೆ, ಮಳಖೇಡ ಕೋಟೆಯ ಮೇಲೆ ಇವತ್ತು ಯಾರಾದ್ರೂ ಗೀಚಿದ್ರೆ ಹಿಡಿದುಕೊಡೋರಲ್ಲಿ ನಾನೇ ಮೊದಲಿಗ. ಬಡವರ ಮನೆ ಗೋಡೆ ಮೇಲೆ ಕೇಳದೆ ಬರೆಯೋದೂ ತಪ್ಪೇ. ನಮ್ಮ ಮುತ್ತ್ಯಾನ ಗೋಡೆಯ ಮಟ್ಟಿಗೆ ಸಿಮೆಂಟಿನವರೂ ತಪ್ಪೇ. ಒಂದು ಓಣಿಯವರನ್ನ ಹೆದರಿಸೋಕೆ, ಒಬ್ಬ ಹುಡುಗಿಯ ಹೆಸರು ಬರೆದು ಅವಮಾನ ಮಾಡೋಕೆ ಗೋಡೆ ಬಳಸಿದ್ರೆ ಅದು ಬೆದರಿಕೆ. ಅದಕ್ಕೆ ಬಣ್ಣ ಇದ್ದ ಮಾತ್ರಕ್ಕೆ ಕಲೆ ಅನ್ನಬೇಕಾಗಿಲ್ಲ.

ಬೀದಿಯಲ್ಲಿರೋದೆಲ್ಲ ಒಳ್ಳೇ ಕಲೆಯಾ? ಖಂಡಿತ ಅಲ್ಲ. ಬಹುಪಾಲು ಕಳಪೆ. ಅಚ್ಚಾಗೋ ಕವನಗಳಲ್ಲೂ ಬಹುಪಾಲು ಕಳಪೆಯೇ. ಅದಕ್ಕೆ ಅಂತ ಕವನ ಬರೆಯೋದನ್ನ ಯಾರೂ ಅಪರಾಧ ಅನ್ನಲ್ಲ. ಕೆಟ್ಟ ಕವನವನ್ನ ಓದಿ ಕೆಟ್ಟದು ಅಂತೀವಿ. ಗೋಡೆಯ ಚಿತ್ರಕ್ಕೂ ಅಷ್ಟೇ ಮರ್ಯಾದೆ ಸಾಕು. ನೋಡಿ, ಚೆನ್ನಾಗಿಲ್ಲ ಅನ್ನಿ. ನೋಡದೇ ಹೊಲಸು ಅನ್ನಬೇಡಿ.

ಅಳಿಸೋದೇ ತಪ್ಪು ಅಂತಲೂ ನಾನು ಹೇಳ್ತಿಲ್ಲ. ಬೀದಿಯ ಚಿತ್ರಕ್ಕೆ ಮಳೆ ಇದೆ, ಬಿಸಿಲಿದೆ, ಮುಂದಿನ ಚಿತ್ರ ಬರೆಯೋನಿದ್ದಾನೆ. ಹೋಗೋದು ಹೋಗ್ತದೆ. ಆದ್ರೆ ಹದಿನಾರರ ಹುಡುಗನ ಕೈಗೆ ಬ್ರಷ್ ಕೊಟ್ಟು ಜನರೆದುರು ಅಪ್ಪನ ಮುಖ ಅಳಿಸೋ ಅಂದಿರಲ್ಲ, ಅದು ಸ್ವಚ್ಛತೆ ಅಲ್ಲ, ಶಿಕ್ಷೆ. ಸಿಮೆಂಟ್ ಜಾಹೀರಾತಿಗೆ ಕೊಡದ ಶಿಕ್ಷೆ.

ಇಷ್ಟಕ್ಕೂ ಅವನು ಬೇರೆಲ್ಲಿ ಬರೀಬೇಕಿತ್ತು? ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿದೆ, ವೆಂಕಟಪ್ಪ ಆರ್ಟ್ ಗ್ಯಾಲರಿ ಇದೆ, ವರ್ಷಕ್ಕೊಮ್ಮೆ ಕುಮಾರಕೃಪಾ ರಸ್ತೆಯನ್ನೇ ಮುಚ್ಚಿ ಚಿತ್ರಸಂತೆ ಮಾಡ್ತಾರೆ. ಚಿಂಚೋಳಿಯ ಒಂದು ತಾಂಡಾದ ಹುಡುಗಿಗೆ ಚಿತ್ರ ಬರೆಯೋ ಹುಚ್ಚು ಹತ್ತಿದ್ರೆ ಅವಳು ಎಲ್ಲಿಗೆ ಹೋಗಬೇಕು? ಕಲಬುರಗಿಗೇ 80 ಕಿಲೋಮೀಟರ್. ನಮ್ಮ ಐದೂರಿನ ಮಕ್ಕಳಿಗೆ ಇರೋ ಒಂದೇ ಒಂದು ಗ್ಯಾಲರಿ ಗೋಡೆ. ಅದನ್ನೂ ಸಿಮೆಂಟಿಗೆ, ಪಾರ್ಟಿಗೆ ಬರೆದುಕೊಟ್ಟಿದ್ದೀವಿ.

ಆದ್ದರಿಂದ ಕೇಳೋದು ಸಣ್ಣದು. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿಯ ಪುರಸಭೆಗಳು, ಶಹಾಬಾದಿನ ನಗರಸಭೆ, ಊರಿಗೆ ಒಂದೊಂದು ಗೋಡೆ ಬಿಟ್ಟುಕೊಡಲಿ. ಹಿಂದಿನ ಸಂದಿಯ ಗೋಡೆ ಅಲ್ಲ, ಬಸ್‌ಸ್ಟ್ಯಾಂಡಿನದು, ಸಂತೆಯದು, ಜನ ನಿಲ್ಲೋ ಜಾಗದ್ದು. ಅದರ ಮೇಲೆ ಜಾಹೀರಾತು ಬೇಡ, ಪಾರ್ಟಿ ಬೇಡ. ಯಾರ ಮೇಲೂ ದ್ವೇಷ ಕಾರೋದು ಬೇಡ. ಇವಿಷ್ಟು ಬಿಟ್ಟು ಏನು ಬರೀಬೇಕು ಅಂತ ಮೇಲಿಂದ ಯಾರೂ ಹೇಳಬಾರದು. ವರ್ಷಕ್ಕೊಮ್ಮೆ ಸುಣ್ಣ ಹೊಡೆದು ಮತ್ತೆ ಹೊಸಬರಿಗೆ ಬಿಡಲಿ. ಫ್ಲೆಕ್ಸ್ ಬಂದು ಮೂಲೆ ಸೇರಿದ ನಮ್ಮ ಊರಿನ ಪೇಂಟರುಗಳನ್ನ ಕರೆದು, ಕೂಲಿ ಕೊಟ್ಟು, ಮಕ್ಕಳಿಗೆ ಬ್ರಷ್ ಹಿಡಿಯೋದು ಹೇಳಿಕೊಡೋಕೆ ಹೇಳಲಿ. ಖರ್ಚು ಎಷ್ಟು? ಸಾಹೇಬರು ಬಂದಾಗ ಹಾಕೋ ಒಂದು ಸ್ವಾಗತ ಕಮಾನಿನಷ್ಟೂ ಆಗಲಿಕ್ಕಿಲ್ಲ.

ಇನ್ನು ನಾವು, ನಾನೂ ನೀವೂ. ಊರಿಂದ ಬಂದು ಇಲ್ಲಿ ಎಸಿಯಲ್ಲಿ ಕೂತವರು. ಕಳೆದ ವಾರ ಊರಿಗೆ ಹೋಗಿದ್ದೆ. ತಪ್ಪು ತಿದ್ದಿಕೊಳ್ಳೋಣ ಅಂತ ಹುಡುಗನ್ನ ಕರೆಸಿದೆ. ಎರಡು ವರ್ಷದ ಹಿಂದೆ ಲೋನ್ ತೆಗೆದು ಕಟ್ಟಿಸಿದ ಮನೆ, ಸುತ್ತ ಉದ್ದಕ್ಕೆ ಕಾಂಪೌಂಡು. “ಈ ಗೋಡಿ ನಿಂದೇ. ಪೇಂಟ್ ನಾ ಕೊಡಿಸ್ತೀನಿ. ಏನ್ ಬೇಕಾದ್ರ ತೆಗಿ” ಅಂದೆ. ಅವ್ವ ಒಳಗಿಂದಲೇ “ಏ, ಬಣ್ಣಕ್ಕ ಮೊನ್ನೆ ಮೊನ್ನೆ ರೊಕ್ಕ ಸುರಿದೀವಿ” ಅಂತ ಗೊಣಗಿದಳು. ನಾನು ದೊಡ್ಡ ಮನಸ್ಸಿನವನ ಥರ ನಕ್ಕೆ.

ಹುಡುಗ ಕಾಂಪೌಂಡನ್ನ ಆ ತುದಿಯಿಂದ ಈ ತುದಿಗೆ ನೋಡಿದ. ಮನೆ ಇರೋದು ಊರಿನ ಕೊನೆಗೆ, ಮುಂದೆ ಹೊಲ.

“ಮಾಮಾ, ಇಲ್ಲಿ ಯಾರ್ ನೋಡ್ತಾರ್ರೀ? ಅಲ್ಲಿ ನಮ್ಮಪ್ಪ ಬಸ್ಸಿಗಿ ನಿಂದಿರ್ತಾನ.”

ನನ್ನ ಹತ್ತಿರ ಉತ್ತರ ಇರಲಿಲ್ಲ. ಸೈಟು, ಲೋನು, ಕಾಂಪೌಂಡು ಎಲ್ಲಾ ನನ್ನ ಹೆಸರಲ್ಲಿವೆ. ಆದ್ರೆ ಅವನು ಕೇಳಿದ ಗೋಡೆ ನನ್ನದಲ್ಲ. ಅದು ಅವನದು, ಅವನ ಅಪ್ಪನದು, ಅಲ್ಲಿ ಬಸ್ಸಿಗೆ ನಿಲ್ಲೋ ಎಲ್ಲರದು. ಅದನ್ನ ಅವರಿಗೆ ವಾಪಸ್ ಕೊಡಿಸೋಕೆ ನಾವು ಒಂದು ಅರ್ಜಿಯನ್ನಾದ್ರೂ ಬರೀಬಹುದಲ್ಲ? ನಾನು ನಮ್ಮೂರಿನ ಕಚೇರಿಗೆ ಬರೆದಿದ್ದೀನಿ. ಉತ್ತರ ಬಂದಿಲ್ಲ, ಮತ್ತೆ ಬರೀತೀನಿ. ನಿಮ್ಮೂರಿಗೆ ನೀವು ಬರೀರಿ.

ಏನಂತೀರಿ?